ಮಂಕರಿಯಿಂದ ಹೆಂಚಿನ ಮನೆವರೆಗೆ: ಕೊಡಗಿನ ಮಳೆಗೆ ಯಾವ ಕೋಳಿಗೂಡು?

ಹಿತ್ತಲಲ್ಲಿ ಹತ್ತು ಕೋಳಿ ಸಾಕುವ ಆಸೆ ಇದ್ದವರು ಮೊದಲು ಕೇಳುವುದು ಗೂಡಿಗೆ ಎಷ್ಟು ಖರ್ಚಾಗುತ್ತೆ ಅಂತ. ನಮ್ಮ ಕಡೆ ಖರ್ಚಿಗಿಂತ ಮೊದಲು ನೋಡಬೇಕಾದ್ದು ನೆಲ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ ನಿಜ, ಆದರೆ ಅಲ್ಲಿ ಚೆನ್ನಾಗಿ ನಡೆಯುವ ಗೂಡು ಇಲ್ಲಿ ನಡೆಯುವುದಿಲ್ಲ. ಮಡಿಕೇರಿ ಹತ್ತಿರದ ನಮ್ಮ ಹಿತ್ತಲಲ್ಲೂ ಕುಶಾಲನಗರದ ಅಕ್ಕನ ಮನೆಯಲ್ಲೂ ನಾಲ್ಕು ಥರದ ಗೂಡು ಬಳಸಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭದ್ದು ಮಂಕರಿ, ಅಂದರೆ ದೊಡ್ಡ ಬುಟ್ಟಿ. ಸಂಜೆ ಸೌದೆ ಕೊಟ್ಟಿಗೆಯಲ್ಲಿ ಕೋಳಿಗಳನ್ನು ಕೂಡಿ, ಮಂಕರಿ ಕವುಚಿ, ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು. ಮರಿಗಳ ಜೊತೆ ಇರುವ ಹೇಂಟೆಗೆ ಇದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ ನನಗೆ. ದೊಡ್ಡ ಕೋಳಿಗಳಿಗೆ ಮಾತ್ರ ಇದು ಸಾಲದು. ಕೂರಲು ಅಡ್ಡ ಕೋಲು (ಗಳ) ಇಲ್ಲ, ರಾತ್ರಿಯಿಡೀ ತಮ್ಮ ಹಿಕ್ಕೆಯ ಮೇಲೇ ಮಲಗಬೇಕು. ಮಳೆಗಾಲದಲ್ಲಿ ಕೊಟ್ಟಿಗೆಯ ಮಣ್ಣಿನ ನೆಲ ಒಣಗುವ ಮಾತೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ, ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ಗೂಡು. ಮಗಳ ಆಸೆಗೆ ತರಿಸಿದ್ದು. ಕೆಂಪು ಚಾವಣಿ, ಪುಟ್ಟ ಏಣಿ, ಎಳೆದು ಗುಡಿಸುವ ಟ್ರೇ, ನೋಡೋಕೆ ಬಲು ಚೆಂದ. ಎಂಟು ಕೋಳಿಗೆ ಸಾಕು ಅಂತ ಬರೆದಿತ್ತು. ನಾಟಿ ಕೋಳಿಯಾದರೆ ನಾಲ್ಕು, ದೊಡ್ಡ ಮೈಯ ಗಿರಿರಾಜ ತಳಿ ಆದರೆ ಮೂರು, ಅಷ್ಟೇ ಅದರಲ್ಲಿ ಹಿಡಿಯೋದು. ಕಕ್ಕಡ (ಜುಲೈ ನಡುವೆ ಶುರುವಾಗುವ ಕೊಡವ ತಿಂಗಳು) ಬರುವ ಹೊತ್ತಿಗೆ ತೆಳು ಹಲಗೆ ನೀರು ಕುಡಿದು ಉಬ್ಬಿ, ಟ್ರೇ ಹೊರಗೆ ಬರುವುದೇ ನಿಂತಿತು. ಅದಕ್ಕಿಂತ ಜಾಸ್ತಿ ಯೋಚನೆ ಹತ್ತಿಸಿದ್ದು ಅದರ ಜಾಲರಿ. ಆರು ಮೂಲೆಯ ಕಣ್ಣಿನ ತೆಳು ತಂತಿ, ಮೊಳೆ ಹೊಡೆದದ್ದಲ್ಲ, ಬರೀ ಸ್ಟೇಪ್ಲರ್ ಪಿನ್. ಒಂದು ಬೆಳಿಗ್ಗೆ ನೋಡಿದರೆ ಕೆಳಮೂಲೆಯ ಪಿನ್‌ಗಳು ಒಂದೊಂದಾಗಿ ಕಿತ್ತು, ಜಾಲರಿ ನಾಯಿಕಿವಿಯ ಹಾಗೆ ಮಡಚಿಕೊಂಡಿತ್ತು. ತುದಿಗೆ ಬೂದು ಕೂದಲು ಸಿಕ್ಕಿಕೊಂಡಿತ್ತು. ಪುನುಗು ಬೆಕ್ಕೋ ಮುಂಗುಸಿಯೋ ಗೊತ್ತಿಲ್ಲ, ಒಂದು ಹೇಂಟೆ ಮಾತ್ರ ಹೋಯಿತು.

ಆಮೇಲೆ ಕಟ್ಟಿಸಿದ್ದು ಅಟ್ಟದ ಗೂಡು. ನಾಲ್ಕು ಕಂಬದ ಮೇಲೆ ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರ, ಆರಡಿ ಉದ್ದ, ನಾಲ್ಕಡಿ ಅಗಲ. ಹತ್ತು ಕೋಳಿ ಆರಾಮಾಗಿ ಇರುತ್ತವೆ. ತೋಟದಲ್ಲಿ ಸಿಲ್ವರ್ ಓಕ್ ಬಿದ್ದಿತ್ತು, ಅದನ್ನೇ ಕಂಬ ಮಾಡೋಣ ಅಂದೆ. ಆಚಾರಿ ಬೇಡ ಅಂತ ತಲೆ ಆಡಿಸಿದರು. "ಅಕ್ಕಾ, ಅದು ಮಣ್ಣಿಗೆ ಮುಟ್ಟಿದರೆ ಗೆದ್ದಲಿಗೆ ಊಟ. ಮೇಲಿನ ಕೆಲಸಕ್ಕೆ ಇಟ್ಕೊಳ್ಳಿ." ಕಂಬಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, ಮೇಲೆ ಸಿಲ್ವರ್ ಓಕ್ ಚೌಕಟ್ಟು, ತಲೆಗೆ ತಗಡು.

ಈ ಗೂಡಿನ ಜೀವ ಇರುವುದು ತಳದಲ್ಲಿ. ಅಡಿಕೆ ದಬ್ಬೆಗಳನ್ನು ನುಣ್ಣಗೆ ಕೆತ್ತಿ, ಮುಕ್ಕಾಲು ಇಂಚು ಸಂದು ಬಿಟ್ಟು ಜೋಡಿಸಿದ್ದು. ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಬರುತ್ತದೆ, ಕೋಳಿ ಕಾಲು ಒಣಗಿರುತ್ತದೆ. ಜುಲೈ ತಿಂಗಳಲ್ಲಿ ಬಾಗಿಲು ತೆಗೆದರೂ ಮೂಗಿಗೆ ಆ ಕಟು ವಾಸನೆ ಹೊಡೆಯಲಿಲ್ಲ. ನನಗೆ ಅಷ್ಟು ಸಾಕಾಯಿತು. ಕೆಳಗೆ ಬಿದ್ದ ಹಿಕ್ಕೆಯನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಹಸಿಯಾಗಿಯೇ ಮೆಣಸಿನ ಬಳ್ಳಿ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ.

ತೊಂದರೆಯೂ ಇದೆ. ಮರಿಗಳ ಕಾಲು ಸಂದಿಗೆ ಸಿಕ್ಕಿಕೊಳ್ಳುತ್ತದೆ, ಅವುಗಳಿಗೆ ಒಂದು ಮೂಲೆಯಲ್ಲಿ ಗೋಣಿ ಹಾಸಲೇಬೇಕು. ಮುಂಗಾರು ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆ ಗೋಡೆಯನ್ನು ಹಲಗೆಯಿಂದ ಮುಚ್ಚಿ, ಬಾಗಿಲು ಪೂರ್ವಕ್ಕೆ ಇಡಬೇಕು. ಹಾಗಂತ ಪೂರ್ತಿ ಮುಚ್ಚಿದರೂ ಕಷ್ಟ. ಚಾವಣಿ ಕೆಳಗೆ ಒಂದು ಗೇಣು ಜಾಲರಿ ಇದ್ದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಇನ್ನು ಜಡಿಮಳೆ ತಗಡಿನ ಮೇಲೆ ಬಿದ್ದಾಗಿನ ಸದ್ದು! ಕೋಳಿಗಳು ಎರಡೇ ದಿನದಲ್ಲಿ ಒಗ್ಗಿಕೊಂಡವು. ಕಿಟಕಿ ಪಕ್ಕ ಮಲಗುವ ಅತ್ತೆ ಇನ್ನೂ ಒಗ್ಗಿಕೊಂಡಿಲ್ಲ.

ಕೊನೆಯದು ಅಕ್ಕನ ಮನೆಯ ದೊಡ್ಡ ಗೂಡು. ಎರಡಡಿ ಇಟ್ಟಿಗೆ ಗೋಡೆ, ಅದರ ಮೇಲೆ ಗಟ್ಟಿ ತಂತಿ ಬೆಸೆದ ಜಾಲರಿ, ಅಂದರೆ ವೆಲ್ಡ್‌ಮೆಶ್, ಮಂಗಳೂರು ಹೆಂಚು, ಸಿಮೆಂಟ್ ನೆಲದ ಮೇಲೆ ನಾಲ್ಕಿಂಚು ಭತ್ತದ ಹೊಟ್ಟು. ಮನುಷ್ಯ ನಿಂತು ಗುಡಿಸಬಹುದು, ಹೊರಗಿನಿಂದಲೇ ಮೊಟ್ಟೆ ತೆಗೆಯಬಹುದು. ಖರ್ಚು ನಮ್ಮ ಅಟ್ಟದ ಗೂಡಿನ ನಾಲ್ಕು ಪಟ್ಟು ಮೀರಿತು. ಕುಶಾಲನಗರದ ಹವೆಗೆ ಇದು ಬಹಳ ಚೆನ್ನಾಗಿದೆ. ಹೊಟ್ಟನ್ನು ಆಗಾಗ ಕೆದಕಿ, ಸ್ವಲ್ಪ ಸುಣ್ಣ ಬೆರೆಸಿದರೆ ತಿಂಗಳುಗಟ್ಟಲೆ ಬದಲಿಸಬೇಕಿಲ್ಲ. ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಒತ್ತಿ ಕೈ ಬಿಡಿಸಿ. ಉದುರಿದರೆ ಸರಿ. ಉಂಡೆ ಕಟ್ಟಿದರೆ ತೇವ ಜಾಸ್ತಿ ಅಂತ ಅರ್ಥ.

ಅದೇ ಪದ್ಧತಿಯನ್ನು ನಮ್ಮ ಹಳೆ ಶೆಡ್‌ನಲ್ಲೂ ಒಂದು ಮಳೆಗಾಲ ನಡೆಸಿ ನೋಡಿದೆ. ಜೂನ್ ಮುಗಿಯುವಷ್ಟರಲ್ಲಿ ಹೊಟ್ಟು ಉಂಡೆ ಕಟ್ಟಿತು. ಅಮೋನಿಯಾ ವಾಸನೆಗೆ ನನ್ನ ಕಣ್ಣಲ್ಲೇ ನೀರು, ಇನ್ನು ಕೋಳಿಗಳ ಪಾಡು? ಎಳೆ ಕೋಳಿಗಳ ಹಿಕ್ಕೆಯಲ್ಲಿ ರಕ್ತ ಕಂಡಿತು. ಪಶು ವೈದ್ಯರು ಕಾಕ್ಸಿಡಿಯೋಸಿಸ್ ಅಂದರು, ಕರುಳಿಗೆ ಬರುವ ಪರೋಪಜೀವಿ ರೋಗ. ಒದ್ದೆ ಹೊಟ್ಟಿನಲ್ಲಿ ಅದು ಬೇಗ ಹರಡುತ್ತದೆ. ಔಷಧಿ ಕೊಟ್ಟ ಮೇಲೆ ಹೆಚ್ಚಿನವು ಉಳಿದವು, ಆದರೆ ಹೊಟ್ಟು ಮತ್ತೆ ಮತ್ತೆ ಬದಲಿಸುವ ಖರ್ಚು ಯಾರಿಗೆ ಬೇಕು?

ಹಾಗಾಗಿ ಮಡಿಕೇರಿ, ಭಾಗಮಂಡಲ ಕಡೆಯವರಿಗೆ ಅಟ್ಟದ ಗೂಡೇ ಸರಿ ಅಂತ ನನ್ನ ಲೆಕ್ಕ. ಕುಶಾಲನಗರದ ಬಯಲಿಗೆ, ಕೈಯಲ್ಲಿ ದುಡ್ಡಿದ್ದರೆ, ಅಕ್ಕನ ಮನೆಯಂಥದ್ದು. ದುಡ್ಡಿಲ್ಲದಿದ್ದರೆ ಅಲ್ಲೂ ಅಟ್ಟವೇ ಸಾಕು.

ಯಾವುದೇ ಕಟ್ಟಿ, ಜಾಲರಿ ವಿಷಯದಲ್ಲಿ ಜುಗ್ಗತನ ಬೇಡ. ಅರ್ಧ ಇಂಚು ಕಣ್ಣಿನ ವೆಲ್ಡ್‌ಮೆಶ್ ತಂದು, ಅಂಚಿಗೆ ಪಟ್ಟಿ ಇಟ್ಟು ಸ್ಕ್ರೂ ಹಾಕಿಸಿ. ಬಾಗಿಲಿಗೆ ತಿರುಗಿಸುವ ಕೊಕ್ಕೆ ಸಾಲದು, ಬೋಲ್ಟ್ ಇರಲಿ. ಕೂರುವ ಗಳ ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ಐದು ಹೇಂಟೆಗೆ ಒಂದು ಪೆಟ್ಟಿಗೆ ಸಾಕು. ಎಷ್ಟಿದ್ದರೂ ಒಂದೇ ಪೆಟ್ಟಿಗೆಗೆ ಜಗಳ ಆಡುತ್ತವೆ, ಅದು ಬೇರೆ ಮಾತು.

ಕೆಂಪು ಚಾವಣಿಯ ಗೂಡನ್ನು ಎಸೆದಿಲ್ಲ. ಟ್ರೇ ತೆಗೆದು, ಒಳಗೆ ಬಲ್ಬ್ ಹಾಕಿ ಜಗಲಿಯಲ್ಲಿ ಇಟ್ಟಿದ್ದೇವೆ. ಮಳೆ ತಾಗದ ಜಾಗದಲ್ಲಿ, ತಾಯಿ ಇಲ್ಲದ ಮರಿಗಳನ್ನು ಬೆಚ್ಚಗಿಡೋಕೆ ಅದು ಪರವಾಗಿಲ್ಲ.