ಜೂಮ್ ಎಫ್2: ಐದು ಜನರ ಪೈಲಟ್ ಸಂಚಿಕೆಗೆ ಧ್ವನಿ ಹಿಡಿದ ಪುಟ್ಟ ರೆಕಾರ್ಡರ್

2021ರ ಆಗಸ್ಟ್ ತಿಂಗಳಲ್ಲಿ ಮೈಸೂರಿನ ಸರಸ್ವತಿಪುರಂನ ಹಳೆಯ ಹೆಂಚಿನ ಮನೆಯೊಂದರಲ್ಲಿ ನಾವು ಐದು ಜನ ಸೇರಿ ಒಂದು ವೆಬ್ ಸರಣಿಯ ಪೈಲಟ್ ಸಂಚಿಕೆಯನ್ನು, ಅಂದರೆ ಮಾದರಿಗೆಂದು ಮಾಡುವ ಮೊದಲ ಕಂತನ್ನು, ಚಿತ್ರೀಕರಿಸಿದೆವು. ಹಣ ಹಾಕಿದವಳೂ ನಾನೇ, ಮಗಳ ಪಾತ್ರ ಮಾಡಿದವಳೂ ನಾನೇ. ಅಪ್ಪನ ಪಾತ್ರಕ್ಕೆ ಶಿವಮೊಗ್ಗದಿಂದ ಬಂದವರು ನಿವೃತ್ತ ಅಧ್ಯಾಪಕರು, ನಲವತ್ತು ವರ್ಷ ಹವ್ಯಾಸಿ ರಂಗಭೂಮಿಯಲ್ಲಿ ದುಡಿದವರು. ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಉಳಿದ ಮೂವರಲ್ಲಿ ಒಬ್ಬರು ಕ್ಯಾಮೆರಾ, ಒಬ್ಬರು ನಿರ್ದೇಶನ, ಇನ್ನೊಬ್ಬರು ಬೆಳಕಿನಿಂದ ಹಿಡಿದು ಊಟದವರೆಗೆ ಎಲ್ಲವನ್ನೂ ನೋಡಿಕೊಂಡರು. ಧ್ವನಿಗೆ ಎಂದು ಆರನೆಯ ವ್ಯಕ್ತಿ ಇರಲಿಲ್ಲ. ಆ ಜಾಗವನ್ನು ತುಂಬಿದ ಎರಡು ಜೂಮ್ ಎಫ್2 ರೆಕಾರ್ಡರ್‌ಗಳ ಬಗ್ಗೆ ಈ ಬರಹ. (ವಿಡಿಯೊ ಕರೆಯ ಜೂಮ್‌ಗೂ ಇದಕ್ಕೂ ಸಂಬಂಧವಿಲ್ಲ, ಇದನ್ನು ತಯಾರಿಸುವುದು 1983ರಿಂದ ಧ್ವನಿ ಉಪಕರಣಗಳ ವ್ಯವಹಾರದಲ್ಲಿರುವ ಜಪಾನಿನ ಕಂಪನಿ.)

ಧ್ವನಿಯ ಸಮಸ್ಯೆ ಕೋವಿಡ್‌ನ ಆ ದಿನಗಳಲ್ಲಿ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಕೇಂದ್ರ ಸರ್ಕಾರ 2020ರ ಆಗಸ್ಟ್ 23ರಂದು ಚಿತ್ರೀಕರಣಕ್ಕೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕ್ಯಾಮೆರಾದ ಮುಂದೆ ಇರುವ ಕಲಾವಿದರಿಗೆ ಮಾತ್ರ ಮಾಸ್ಕಿನಿಂದ ವಿನಾಯಿತಿ ಇತ್ತು, ಉಳಿದವರು ಸಾಧ್ಯವಾದಷ್ಟು ಆರು ಅಡಿ ದೂರ ಇರಬೇಕಿತ್ತು. ಹತ್ತು ಅಡಿಗೆ ಹನ್ನೆರಡು ಅಡಿಯ ಅಡುಗೆಮನೆಯಲ್ಲಿ ಮಾಸ್ಕ್ ಇಲ್ಲದ ಇಬ್ಬರು ಕಲಾವಿದರ ತಲೆಯ ಮೇಲೆ ತುದಿಗೆ ಮೈಕು ಕಟ್ಟಿದ ಬೂಮ್ ಕೋಲು ಹಿಡಿದು ಇನ್ನೊಬ್ಬರು ನಿಲ್ಲಲು ಜಾಗ ಎಲ್ಲಿಂದ ಬರಬೇಕು? ಚಿತ್ರೀಕರಣ ಮುಗಿದ ಮೇಲೆ ಡಬ್ಬಿಂಗ್ ಮಾಡಿಕೊಳ್ಳುವ ನಮ್ಮ ಚಿತ್ರರಂಗದ ಹಳೆಯ ದಾರಿಯೂ ನಮಗೆ ಮುಚ್ಚಿತ್ತು. ಗಾಳಿಯಾಡದ, ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ, ಹಿಂದಿನವರು ಮಾತನಾಡಿ ಹೋದ ಅದೇ ಮೈಕಿನ ಮುಂದೆ ಅರವತ್ತೆಂಟು ವರ್ಷದ ಮೇಷ್ಟ್ರನ್ನು ಗಂಟೆಗಟ್ಟಲೆ ನಿಲ್ಲಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಸ್ಥಳದಲ್ಲೇ ಧ್ವನಿ ಹಿಡಿಯಬೇಕು, ಹಿಡಿಯುವ ಕೆಲಸವನ್ನು ಕಲಾವಿದರೇ ಮಾಡಿಕೊಳ್ಳಬೇಕು ಎಂದು ನಿರ್ಧರಿಸಿದೆವು.

ಎಫ್2 ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬ್ಯಾಟರಿ ಬಿಟ್ಟರೆ ತೂಕ ಸುಮಾರು 32 ಗ್ರಾಂ. ಎರಡು ಎಎಎ ಬ್ಯಾಟರಿ, ಒಂದು ಮೈಕ್ರೊ ಎಸ್‌ಡಿ ಕಾರ್ಡು, ಜೊತೆಗೇ ಬರುವ, ಬಟ್ಟೆಗೆ ಸಿಕ್ಕಿಸುವ ಒಂದು ಲೇಪಲ್ ಮೈಕು. ಇಷ್ಟೇ ಇದರ ಸಂಸಾರ. ಮೈಕಿನ ಪಿನ್ನನ್ನು ತಿರುಪು ಹಾಕಿ ಬಿಗಿ ಮಾಡಬಹುದಾದ್ದರಿಂದ ನಡೆದಾಡುವಾಗ ಕಳಚಿಕೊಳ್ಳುವ ಭಯವಿಲ್ಲ. ಬೆಳಿಗ್ಗೆ ಹಾಕಿದ ಅಲ್ಕಲೈನ್ ಬ್ಯಾಟರಿ ಸಂಜೆ ಎಂಟರವರೆಗೆ ನಮಗೆ ಒಮ್ಮೆಯೂ ಕೈಕೊಡಲಿಲ್ಲ. ಆದರೆ ನಾನು ಇದನ್ನು ಕೊಂಡದ್ದು ಇದಾವುದಕ್ಕೂ ಅಲ್ಲ. ಇದರಲ್ಲಿ ದಾಖಲಾಗುವ ಧ್ವನಿಯ ಮಟ್ಟವನ್ನು ಹೊಂದಿಸುವ ಗುಂಡಿಯೇ ಇಲ್ಲ, ಆ ಕಾರಣಕ್ಕಾಗಿಯೇ ಕೊಂಡೆ.

ಸಾಮಾನ್ಯ ರೆಕಾರ್ಡರ್‌ನಲ್ಲಿ ಗೇನ್, ಅಂದರೆ ಮೈಕಿನಿಂದ ಬಂದ ಧ್ವನಿಯನ್ನು ಹಿಗ್ಗಿಸುವ ಮಟ್ಟ, ಎಷ್ಟಿರಬೇಕೆಂದು ಮೊದಲೇ ನಿಶ್ಚಯಿಸಬೇಕು. ಕಡಿಮೆ ಇಟ್ಟರೆ ಪಿಸುಮಾತು ಕೊಠಡಿಯ ಗುಂಯ್‌ಗುಡುವಿಕೆಯಲ್ಲಿ ಮುಳುಗುತ್ತದೆ. ಹೆಚ್ಚು ಇಟ್ಟರೆ ಯಾರಾದರೂ ಕೂಗಿದಾಗ ಧ್ವನಿತರಂಗದ ನೆತ್ತಿ ಕತ್ತರಿಸಿಹೋಗಿ ಮಾತು ಸೀಳುತ್ತದೆ, ಹಾಗೆ ಸೀಳಿದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸಲಾರದು. ಎಫ್2ರಲ್ಲಿ ಧ್ವನಿಯನ್ನು ಅಂಕಿಗಳಾಗಿಸುವ ಎರಡು ಪರಿವರ್ತಕಗಳಿವೆ: ಒಂದು ಮೆಲುದನಿಗೆ, ಇನ್ನೊಂದು ಗಟ್ಟಿದನಿಗೆ. ಎರಡರಿಂದಲೂ ಬಂದದ್ದನ್ನು ಸೇರಿಸಿ 32 ಬಿಟ್ ಫ್ಲೋಟ್ ಎಂಬ ಮಾದರಿಯಲ್ಲಿ ಬರೆದಿಡುತ್ತದೆ. ಈ ಮಾದರಿಯ ಅಂಕಿಗಳ ಹರವು ಎಷ್ಟು ದೊಡ್ಡದೆಂದರೆ, ಸಂಕಲನದ ಮೇಜಿನ ಮೇಲೆ ಮಿತಿ ಮೀರಿದಂತೆ ಕಾಣುವ ಕೂಗನ್ನು ಕೆಳಗಿಳಿಸಿದರೆ ಕತ್ತರಿಸಿಹೋಗಿದೆ ಎಂದುಕೊಂಡಿದ್ದ ನೆತ್ತಿ ಮರಳಿ ಕಾಣಿಸುತ್ತದೆ, ಕೇಳಿಸದಂತಿದ್ದ ಪಿಸುಮಾತನ್ನು ಮೇಲೇರಿಸಿದರೆ ಅದೂ ಸಿಗುತ್ತದೆ. ಮೈಕಿನ ಶಕ್ತಿಯನ್ನೇ ಮೀರಿದ ಸದ್ದನ್ನು ಮಾತ್ರ ಇದೂ ಉಳಿಸಲಾರದು. ಮನೆಯೊಳಗೆ ಮನುಷ್ಯರು ಮಾತನಾಡುವಾಗ ಅಂಥ ಸಂದರ್ಭ ನಮಗೆ ಎದುರಾಗಲಿಲ್ಲ.

ನಮ್ಮ ಸಂಚಿಕೆಯ ನಡುವೆ ಒಂದು ದೃಶ್ಯವಿದೆ. ರಾತ್ರಿ ಅಡುಗೆಮನೆಯಲ್ಲಿ ಅಪ್ಪ ಮಗಳು ಪಿಸುಗುಡುತ್ತ ಮನೆ ಮಾರುವ ಮಾತಾಡುತ್ತಾರೆ, ಮಾತು ಬೆಳೆಯುತ್ತದೆ, ಅಪ್ಪ ಎದ್ದು ನಡುಮನೆಗೆ ನಡೆದು ಅಲ್ಲಿಂದ ಕೂಗುತ್ತಾರೆ. ರಾಜ್ಯದಲ್ಲಿ ಆಗ ರಾತ್ರಿ 9ರಿಂದ ಕರ್ಫ್ಯೂ ಇದ್ದ ಕಾರಣ ಸಂಜೆ ಎಂಟಕ್ಕೆ ತಂಡವನ್ನು ಮನೆಗೆ ಕಳಿಸಬೇಕಿತ್ತು. ಆದ್ದರಿಂದ ಕಿಟಕಿಗಳಿಗೆ ಕಂಬಳಿ ಹೊದಿಸಿ ಮಧ್ಯಾಹ್ನವೇ ಆ ರಾತ್ರಿಯನ್ನು ಚಿತ್ರೀಕರಿಸಿದೆವು. ಕೊನೆಯ ಸಾಲಿನ ಪ್ರೇಕ್ಷಕರಿಗೆ ಕೇಳುವಂತೆ ಮಾತನಾಡಿ ಪಳಗಿದ ಮೇಷ್ಟ್ರ ಗಂಟಲು ತಾಲೀಮಿನಲ್ಲಿ ಒಂದು ಬಗೆಯಾದರೆ ಟೇಕಿನಲ್ಲಿ ಇನ್ನೊಂದು ಬಗೆ. ಅವರು ಕೂಗಿದ ಕ್ಷಣದಲ್ಲಿ ನಾನು ಪಾತ್ರದೊಳಗೆ ಇದ್ದೆ. ಮೀಟರಿನ ಮುಳ್ಳು ಎಲ್ಲಿಗೆ ಹೋಯಿತೆಂದು ನೋಡುವ ನಿರ್ಮಾಪಕಿಯಾಗಿ ಆ ಹೊತ್ತಿನಲ್ಲಿ ನಾನು ಇರಲಿಲ್ಲ, ಇರಲೂಬಾರದು. ಕಣ್ಣೀರು ನಿಜವಾಗಿ ಬಂದ ಎರಡನೆಯ ಟೇಕನ್ನೇ ನಾವು ಉಳಿಸಿಕೊಂಡೆವು, ಅದರಲ್ಲಿ ಪಿಸುಮಾತೂ ಕೂಗೂ ಎರಡೂ ಸ್ವಚ್ಛವಾಗಿವೆ. ಸ್ವಂತ ಹಣದಲ್ಲಿ ಚಿತ್ರ ಮಾಡಿ ಅದರಲ್ಲೇ ನಟಿಸುವವರಿಗೆ ಈ ಉಪಕರಣ ಕೊಡುವ ದೊಡ್ಡ ನೆಮ್ಮದಿ ಇದು.

ಸೋಂಕಿನ ದೃಷ್ಟಿಯಿಂದಲೂ ಇದು ಅನುಕೂಲವಾಯಿತು. ಒಂದು ರೆಕಾರ್ಡರು ನನ್ನದು, ಒಂದು ಮೇಷ್ಟ್ರದು; ಏಳು ದಿನವೂ ಅದಲುಬದಲು ಮಾಡಲಿಲ್ಲ, ಮೈಕನ್ನು ಅವರವರೇ ಸಿಕ್ಕಿಸಿಕೊಂಡರು. ಹೊರಗವಚವನ್ನು ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸುತ್ತಿದ್ದೆವು. ಮೈಕಿನ ಮೇಲೆ ನೇರವಾಗಿ ಸ್ಯಾನಿಟೈಸರ್ ಸಿಂಪಡಿಸುವುದು ಮಾತ್ರ ಬೇಡ, ಅದು ಒಳಗಿನ ಪೊರೆಯನ್ನು ಹಾಳುಮಾಡುತ್ತದೆ.

ಮೈಕನ್ನು ಎಲ್ಲಿ ಅಡಗಿಸಬೇಕೆಂಬುದನ್ನು ಪೆಟ್ಟಿಗೆಯಲ್ಲಿ ಬರುವ ಕೈಪಿಡಿ ಹೇಳಿಕೊಡುವುದಿಲ್ಲ, ನಮ್ಮ ಉಡುಪುಗಳಿಗಂತೂ ಹೇಳುವುದೇ ಇಲ್ಲ. ಮೇಷ್ಟ್ರು ಪಂಚೆ ಉಟ್ಟಿದ್ದರಿಂದ ರೆಕಾರ್ಡರನ್ನು ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿ, ತಂತಿಯನ್ನು ಬನಿಯನ್ನಿನ ಒಳಗಿಂದ ತಂದು ಅಂಗಿಯ ಎರಡನೆಯ ಗುಂಡಿಯ ಹಿಂದೆ ಮೈಕನ್ನು ಅಂಟಿಸಿದೆವು. ಔಷಧದ ಅಂಗಡಿಯಲ್ಲಿ ಸಿಗುವ ಕಾಗದದ ಪ್ಲಾಸ್ಟರು ಸಾಕಾಯಿತು. ಸೀರೆಯಲ್ಲಿ ಕೆಲಸ ಕಷ್ಟ. ರವಿಕೆಯ ಅಂಚಿಗೆ ಹಾಕಿದ ಮೈಕಿನ ಮೇಲೆ ಸೆರಗು ಓಡಾಡುತ್ತದೆ. ಮೂರನೆಯ ದಿನ ರೇಷ್ಮೆ ಸೀರೆಯುಟ್ಟು ಮಾಡಿದ ಪೂಜೆಯ ದೃಶ್ಯದಲ್ಲಿ ಪ್ರತಿ ಉಸಿರಿಗೂ ಸೆರಗಿನ ಸರಸರ ಸದ್ದು ಸೇರಿಕೊಂಡಿತ್ತು. ಮಟ್ಟ ಎಷ್ಟೇ ಇಳಿಸಿದರೂ ಏರಿಸಿದರೂ ಆ ಸರಸರ ಮಾತಿನ ಜೊತೆಗೇ ಏರಿಳಿಯಿತು. ದೃಶ್ಯವನ್ನು ಹತ್ತಿ ಸೀರೆಯಲ್ಲಿ ಇನ್ನೊಮ್ಮೆ ಮಾಡಬೇಕಾಯಿತು, ಅರ್ಧ ದಿನ ಹೋಯಿತು. ಉಡುಪನ್ನು ಆರಿಸುವ ದಿನವೇ ಮೈಕು ಹಾಕಿ ನಡೆದು ನೋಡದೆ ಇದ್ದದ್ದು ನನ್ನ ತಪ್ಪು.

ಕೊಳ್ಳುವ ಮುನ್ನ ತಿಳಿದಿರಬೇಕಾದ ಮಿತಿಗಳೂ ಇವೆ. ಎಫ್2ಗೆ ಪರದೆಯಿಲ್ಲ, ಧ್ವನಿ ದಾಖಲಾಗುತ್ತಿದೆ ಎಂದು ತಿಳಿಸುವುದು ಒಂದು ಸಣ್ಣ ದೀಪ ಮಾತ್ರ. ದೂರದಲ್ಲಿ ಕುಳಿತ ನಿರ್ದೇಶಕರು ಹೆಡ್‌ಫೋನ್ ಹಾಕಿಕೊಂಡು ಕೇಳಲು ಬರುವುದಿಲ್ಲ, ಏಕೆಂದರೆ ಧ್ವನಿಯನ್ನು ಗಾಳಿಯಲ್ಲಿ ಕಳಿಸುವ ವ್ಯವಸ್ಥೆಯೇ ಇದರಲ್ಲಿಲ್ಲ. ಎಫ್2-ಬಿಟಿ ಎಂಬ ಇನ್ನೊಂದು ಮಾದರಿಯನ್ನು ಬ್ಲೂಟೂತ್ ಮೂಲಕ ಮೊಬೈಲಿನಿಂದ ನಡೆಸಬಹುದು, ಪ್ರತ್ಯೇಕ ಸಾಧನವೊಂದರ ನೆರವಿನಿಂದ ಟೈಮ್‌ಕೋಡನ್ನೂ, ಅಂದರೆ ಚಿತ್ರ ಮತ್ತು ಧ್ವನಿಯನ್ನು ಜೋಡಿಸಲು ನೆರವಾಗುವ ಸಮಯದ ಗುರುತನ್ನೂ, ಪಡೆಯಬಹುದು. ಅದರಲ್ಲಿಯೂ ಮಾತು ಮೊಬೈಲಿಗೆ ಬರುವುದಿಲ್ಲ. ನಮ್ಮ ಬಳಿ ಇದ್ದದ್ದು ಸಾಮಾನ್ಯ ಮಾದರಿಯಾದ್ದರಿಂದ ಪ್ರತಿ ಟೇಕಿನ ಮೊದಲು ಕ್ಯಾಮೆರಾದ ಮುಂದೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ, ಸಂಕಲನದಲ್ಲಿ ಆ ಸದ್ದನ್ನು ಗುರುತಾಗಿಟ್ಟುಕೊಂಡು ಜೋಡಿಸಿದೆವು. ಕ್ಯಾಮೆರಾದ ಗಡಿಯಾರವೂ ರೆಕಾರ್ಡರಿನ ಗಡಿಯಾರವೂ ಬೇರೆ ಬೇರೆಯಾದ್ದರಿಂದ ಬಹಳ ಉದ್ದದ ಟೇಕುಗಳಲ್ಲಿ ತುಟಿಯೂ ಮಾತೂ ನಿಧಾನವಾಗಿ ಅಗಲಬಹುದು. ಐದಾರು ನಿಮಿಷದ ನಮ್ಮ ಟೇಕುಗಳಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುವುದರಿಂದ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಅದೂ ದಾಖಲಾಗುತ್ತದೆ. ಕೇರಳದ ಗಡಿಗೆ ಹೊಂದಿದ ಜಿಲ್ಲೆಯೆಂದು ಆ ತಿಂಗಳು ಮೈಸೂರಿನಲ್ಲಿ ವಾರಾಂತ್ಯದ ಕರ್ಫ್ಯೂ ಕೂಡ ಇತ್ತು. ಆ ಎರಡು ದಿನ ಚಿತ್ರೀಕರಣವಿಲ್ಲದಿದ್ದರೂ ಆ ಮನೆಯಲ್ಲೇ ತಂಗಿದ್ದ ನಾನು ಖಾಲಿ ಕೋಣೆಗಳ ನಿಶ್ಶಬ್ದವನ್ನು ಕೋಣೆಗೊಂದರಂತೆ ಧ್ವನಿಮುದ್ರಿಸಿಟ್ಟುಕೊಂಡೆ. ವಾಹನಗಳೇ ಇಲ್ಲದ ಭಾನುವಾರದ ಬೆಳಗಿನಲ್ಲಿ ಹಿಡಿದ ಆ ಮೌನವೇ ಸಂಚಿಕೆಯುದ್ದಕ್ಕೂ ಮಾತುಗಳ ನಡುವಿನ ತೇಪೆಗಳನ್ನು ಮುಚ್ಚಿದೆ.

ಕಡತಗಳ ಗಾತ್ರಕ್ಕೆ ಹೆದರಬೇಕಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ (ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದರೆ) ಗಂಟೆಗೆ ಸುಮಾರು 690 ಎಂಬಿ ಆಗುತ್ತದೆ, 32 ಜಿಬಿ ಕಾರ್ಡಿನಲ್ಲಿ ಇಡೀ ಚಿತ್ರೀಕರಣವೇ ಹಿಡಿಯಿತು. ಒಂದು ಎಚ್ಚರಿಕೆ: ಕಡತವನ್ನು ಎಂಪಿ3 ಮಾಡಿ ಸಂಕಲನಕಾರರಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಮಟ್ಟ ಇಳಿಸುವ ಮೊದಲೇ ಮಾದರಿ ಬದಲಿಸಿದರೆ ಫ್ಲೋಟ್ ಉಳಿಸಿಕೊಟ್ಟ ನೆತ್ತಿ ಅಲ್ಲಿಯೇ ಶಾಶ್ವತವಾಗಿ ಕತ್ತರಿಸಿಹೋಗುತ್ತದೆ. ನಾವು ಮೂಲ ಕಡತಗಳನ್ನೇ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಗೆ ಹಾಕಿಕೊಂಡು ಕೆಲಸ ಮಾಡಿದೆವು.

ಸಂಕಲನ ಅರ್ಧ ಮುಗಿದಾಗ ಮೇಷ್ಟ್ರ ನಾಲ್ಕು ಮಾತುಗಳ ಮೇಲೆ ಮಿಕ್ಸಿಯ ಸದ್ದು ಬಿದ್ದಿರುವುದು ತಿಳಿಯಿತು. ಅವರು ಅಷ್ಟರಲ್ಲಿ ಶಿವಮೊಗ್ಗಕ್ಕೆ ಮರಳಿದ್ದರು, ಮತ್ತೊಮ್ಮೆ ಬಸ್ಸು ಹತ್ತಿಸುವುದು ನನಗೆ ಇಷ್ಟವಿರಲಿಲ್ಲ. ರೆಕಾರ್ಡರನ್ನು ಹತ್ತಿಯಲ್ಲಿ ಸುತ್ತಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. "ಏನಮ್ಮಾ, ಇದರಲ್ಲಿ ನಾನು ಏನೇನು ತಿರುಗಿಸಬೇಕು?" ಎಂದು ಫೋನಿನಲ್ಲಿ ಕೇಳಿದರು. "ಏನನ್ನೂ ತಿರುಗಿಸಬೇಡಿ ಮೇಷ್ಟ್ರೇ, ಕೆಂಪು ಗುಂಡಿ ಒತ್ತಿ ಮಾತಾಡಿ" ಎಂದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದರ ಮುಂದೆ ನಿಂತು ಅವರು ಹೇಳಿದ ನಾಲ್ಕು ಮಾತುಗಳು ದೃಶ್ಯದಲ್ಲಿ ಹೊಂದಿ ಕುಳಿತಿವೆ. ಅದೇ ಮೈಕು, ಅದೇ ಎದೆಯ ಎತ್ತರ ಆದ್ದರಿಂದ ಧ್ವನಿಯ ಬಣ್ಣವೂ ಬದಲಾಗಲಿಲ್ಲ.

ಅಮೆರಿಕದಲ್ಲಿ ಸಾಮಾನ್ಯ ಮಾದರಿ ಸುಮಾರು 150 ಡಾಲರಿಗೆ ಮಾರುಕಟ್ಟೆಗೆ ಬಂದಿತ್ತು. ಧ್ವನಿಗೆ ನುರಿತ ತಂತ್ರಜ್ಞರು ಇರುವ ತಂಡಕ್ಕೆ ಇದು ಮೊದಲ ಆಯ್ಕೆಯಾಗಬೇಕಿಲ್ಲ, ಅವರು ಪ್ರತಿ ಮಾತನ್ನೂ ಆಗಲೇ ಕೇಳಿ ತಪ್ಪನ್ನು ಅಲ್ಲಿಯೇ ಹಿಡಿಯುತ್ತಾರೆ. ನಾಲ್ಕೈದು ಜನ ಸೇರಿ ಮನೆಯೊಳಗೆ ಚಿತ್ರ ಮಾಡುವವರು ಕಲಾವಿದರಿಗೊಂದರಂತೆ ಇದನ್ನು ಕೊಳ್ಳಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಎರಡರಲ್ಲಿ ಒಂದು ಈಗಲೂ ಶಿವಮೊಗ್ಗದಲ್ಲೇ ಇದೆ, ಮೇಷ್ಟ್ರು ತಮ್ಮ ಗಮಕ ವಾಚನವನ್ನು ಮೊಮ್ಮಕ್ಕಳಿಗಾಗಿ ಅದರಲ್ಲಿ ಧ್ವನಿಮುದ್ರಿಸುತ್ತಿದ್ದಾರೆ.