ಸ್ಕ್ರೂ ಒಂದು, ಮದ್ದು ಐದು

ಸಿರುಗುಪ್ಪದ ಮಿಲ್ಲಿನಿಂದ ಬಳ್ಳಾರಿಗೆ ದುಡ್ಡು ಒಯ್ಯುವ ದಿನ ನನ್ನ ಲೈಸೆನ್ಸಿನ .32 ರಿವಾಲ್ವರ್ ಸೊಂಟದಲ್ಲಿರುತ್ತದೆ. ಚಿಕ್ಕದು, ಆರು ಗುಂಡಿನದು. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ತೆಗೆದಿಡುವಾಗ ನೋಡಿದರೆ ಪಕ್ಕದ ಸ್ಕ್ರೂ ಅರ್ಧ ಹೊರಗೆ ಬಂದಿದೆ. ಉಗುರಿಗೇ ತಿರುಗಿತು. ಗುಂಡು ಹಾರಿಸಿ ಸಡಿಲವಾಗಿದ್ದಲ್ಲ, ನಾನು ಹಾರಿಸಿದ್ದೇ ಬೆರಳೆಣಿಕೆ. ಬೈಕಿನ ಕುಲುಕಾಟಕ್ಕೆ ಆಗಿದ್ದು.

ಗುಂಡೆಲ್ಲ ತೆಗೆದು ಬೇರೆ ರೂಮಿನಲ್ಲಿಟ್ಟೆ. ಗುಂಡು ಕೂರುವ ಆರೂ ಮನೆ ಖಾಲಿಯೇ ಅಂತ ಬೆರಳು ಹಾಕಿ ನೋಡಿದೆ. ಪ್ರತಿ ಸಲವೂ ಇದೇ ಮೊದಲ ಕೆಲಸ.

ಮೊದಲು ಸುಮ್ನೆ ಬಿಗಿ ಮಾಡಿದೆ, ಮನೆಯ ಸ್ಕ್ರೂಡ್ರೈವರ್‌ನಿಂದ. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಜೊತೆಗೆ ತಲೆಯ ಗೀರಿನ ಅಂಚು ಕಿತ್ತು ಬಂದಿತ್ತು. ಗನ್ ಅಂಗಡಿಯ ಹಿರಿಯರು ನೋಡಿ ನಕ್ಕರು. "ತುದಿ ನೋಡ್ರಿ ಸರ, ಉಳಿ ಇದ್ದಂಗ ಐತಿ." ಮನೆಯಲ್ಲಿರೋ ಡ್ರೈವರ್‌ನ ಮೊನೆ ಕೆಳಗೆ ಹೋದಂತೆ ತೆಳ್ಳಗಾಗುತ್ತದೆ. ಗೀರಿನ ಮೇಲಂಚಿಗೆ ಮಾತ್ರ ತಾಗಿ ಜಾರುತ್ತದೆ. ಗನ್ ಕೆಲಸದ್ದಕ್ಕೆ ತುದಿಯ ಎರಡೂ ಮೈ ಸಮ, ಗೀರು ತುಂಬ ಕೂರುತ್ತದೆ. ಅದನ್ನು ಕೊಂಡ ಮೇಲೆ ಅರ್ಧ ತಲೆನೋವು ಹೋಯಿತು.

ಟೆಫ್ಲಾನ್ ಟೇಪ್ ಸುತ್ತಿದ್ದು ನನ್ನ ದಡ್ಡತನ. ಅದು ನಲ್ಲಿ ಸೋರದಿರಲಿಕ್ಕೆ ಇರುವುದು, ಹಿಡಿಯುವುದಿಲ್ಲ, ಜಾರಿಸುತ್ತದೆ.

ಆಮೇಲೆ ಮನೆಯವಳ ನೈಲ್ ಪಾಲಿಶ್. ಒಂದು ತಿಂಗಳು ಚೆನ್ನಾಗಿಯೇ ಹಿಡಿಯಿತು. ಆದರೆ ನಳಿಗೆ ತೊಳೆಯುವ ಸಾಲ್ವೆಂಟ್ ಹನಿ ಬಿದ್ದ ಕಡೆ ಮೆತ್ತಗಾಗಿ ಎದ್ದಿತು. ಪುಕ್ಕಟೆ ಮದ್ದು, ಪುಕ್ಕಟೆಯಷ್ಟೇ ಬಾಳಿಕೆ.

ಉಳಿದಿದ್ದು ಥ್ರೆಡ್‌ಲಾಕರ್, ಸ್ಕ್ರೂ ಸಡಿಲವಾಗದಂತೆ ಅದರ ಥ್ರೆಡ್‌ಗೆ ಹಚ್ಚುವ ಅಂಟು. ಇದು ಗಾಳಿಗೆ ಒಣಗುವ ಅಂಟಲ್ಲ. ಲೋಹ ತಾಗಿ, ಗಾಳಿ ಸಿಗದ ಕಡೆ ಗಟ್ಟಿಯಾಗುತ್ತದೆ. ಅದಕ್ಕೇ ಬಾಟಲಿಯಲ್ಲಿ ತಿಂಗಳುಗಟ್ಟಲೆ ನೀರಾಗೇ ಇರುತ್ತದೆ. ಹಿಡಿತ ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದೊಂದು ಬಣ್ಣ. ಮೊದಲು ಮೆಕ್ಯಾನಿಕ್ ಕೊಟ್ಟ ನೀಲಿ ಹಾಕಿದೆ. ಹಿಡಿತ ಭರ್ಜರಿ. ಎರಡು ತಿಂಗಳ ನಂತರ ಬಿಚ್ಚಲು ಹೋದಾಗ ಎದೆ ಹೊಡೆದುಕೊಂಡಿತು, ಇಷ್ಟು ಸಣ್ಣ ತಲೆ ಮುರಿದೀತು ಅಂತ. ನೀಲಿ ದೊಡ್ಡ ಬೋಲ್ಟಿಗೆ ಸರಿ. 6 ಮಿ.ಮೀ.ಗಿಂತ ಸಣ್ಣ ಸ್ಕ್ರೂಗೆ ನೇರಳೆ, ಲಾಕ್‌ಟೈಟ್ ಕಂಪನಿಯದಾದರೆ 222 ನಂಬರಿನದು. ಕೆಂಪು ಮಾತ್ರ ಬೇಡವೇ ಬೇಡ. ಅದು ಬಿಡಬೇಕಾದರೆ ಸುಮಾರು 250 ಡಿಗ್ರಿ ಕಾಯಿಸಬೇಕು, ಗನ್ನಿಗೆ ಅಷ್ಟು ಬೆಂಕಿ ಹಿಡಿಯುವುದುಂಟಾ?

ಈಗ ಇರುವುದು ನೇರಳೆ. ಥ್ರೆಡ್‌ನ ಎಣ್ಣೆ ಅಸಿಟೋನ್‌ನಲ್ಲಿ ಒರೆಸಿದೆ. ಬೆಂಕಿಕಡ್ಡಿ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ ಹಚ್ಚಿದೆ. ಜಾಸ್ತಿಯಾದರೆ ಒಳಗೆ ಇಳಿದು ಕುದುರೆಯನ್ನೇ, ಅಂದರೆ ಟ್ರಿಗರನ್ನೇ, ಹಿಡಿದುಬಿಡಬಹುದು. 24 ಗಂಟೆ ಮುಟ್ಟಲಿಲ್ಲ. ಈ ಬೇಸಿಗೆ ಪೂರ್ತಿ ಅಲ್ಲಾಡಿಲ್ಲ, ಬಿಚ್ಚಿದಾಗ ಬರೀ ಸ್ಕ್ರೂಡ್ರೈವರ್‌ಗೇ ಸಲೀಸಾಗಿ ಬಂತು. ಬಳ್ಳಾರಿಯ ಬಿಸಿಲಲ್ಲಿ ಅಂದ್ರೆ ನೋಡಿ.

ಹಿಡಿಕೆಯ ಸ್ಕ್ರೂಗೆ ಇದ್ಯಾವುದೂ ಬೇಡ. ಪ್ಲಾಸ್ಟಿಕ್ ಹಿಡಿಕೆಯಾದರೆ ಥ್ರೆಡ್‌ಲಾಕರ್ ತಾಗಿ ಬಿರುಕು ಬಿಡಬಹುದು. ತಲೆಯ ಕೆಳಗೆ ಸಣ್ಣ ರಬ್ಬರ್ ರಿಂಗ್ ಇಟ್ಟೆ, ಸಾಕಾಯಿತು. ಸ್ಕ್ರೂ ಬಿಗಿಯಾಗಿದ್ದೂ ಒಳಗೆ ಏನಾದರೂ ಅಲ್ಲಾಡಿದರೆ ಲೈಸೆನ್ಸ್ ಇರುವ ಅಂಗಡಿಗೇ ಒಯ್ಯುತ್ತೇನೆ, ಒಳಗಿನ ಸ್ಪ್ರಿಂಗ್ ನನ್ನ ಕೆಲಸವಲ್ಲ.

ನೈಲ್ ಪಾಲಿಶ್ ಬಿಸಾಡಲಿಲ್ಲ. ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಅದರಲ್ಲೇ ಕೂದಲೆಳೆಯಷ್ಟು ಕೆಂಪು ಗೆರೆ ಎಳೆದಿದ್ದೇನೆ. ತಿರುಗಿದರೆ ಗೆರೆ ಮುರಿಯುತ್ತದೆ. ಇವತ್ತು ಬೆಳಿಗ್ಗೆ ನೋಡಿದೆ, ನೇರ ಇದೆ. "ಆ ಬಾಟ್ಲಿ ನಿಮಗೇ ಇರ್ಲಿ, ನನಗೆ ಹೊಸದು ತಂದುಕೊಡ್ರಿ" ಅಂದಿದ್ದಾಳೆ ಇವಳು.