ವೆಬ್‌ಸೈಟಿಗೆ ಹೊಸ ಹೆಸರಿಡಲು ಹೋಗಿ ದಸರಾ ಬುಕಿಂಗ್ ಪೂರ್ತಿ ಕಳೆದುಕೊಂಡೆ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಕಾಫಿಪುಡಿ, ಕಾಳುಮೆಣಸು ಆನ್‌ಲೈನ್‌ನಲ್ಲಿ ಮಾರುವವರು ದಯವಿಟ್ಟು ಓದಿ. "ನಿಮ್ಮ ಸೈಟ್ ಹಳೇದಾಯ್ತು ಸರ್, ಹೊಸ ಹೆಸರು, ಹೊಸ ಡಿಸೈನ್ ಮಾಡಿಕೊಡ್ತೀವಿ" ಅಂತ ಯಾರಾದರೂ ಬಂದರೆ ಹೂಂ ಅನ್ನುವ ಮೊದಲು ಓದಿ.

ನಮ್ಮದು ಕಕ್ಕಬ್ಬೆ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ. ಸೈಟ್ 2011ರದ್ದು. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ, ಮೊಬೈಲ್‌ನಲ್ಲಿ ನೋಡಿದರೆ ಅರ್ಧ ಪುಟ ಹೊರಗೆ. ಚೆಂದ ಇರಲಿಲ್ಲ, ಒಪ್ಪುತ್ತೇನೆ. ಆದರೆ ಫೋನ್ ಬರುತ್ತಿತ್ತು. ತಡಿಯಂಡಮೋಳ್ ಹತ್ತುವುದು ಹೇಗೆ ಅಂತ ಯಾರು ಗೂಗಲ್‌ನಲ್ಲಿ ಹುಡುಕಿದರೂ ನಮ್ಮದೊಂದು ಪುಟ ಮೇಲೆಯೇ ಕಾಣುತ್ತಿತ್ತು. 1,748 ಮೀಟರ್, ಜಿಲ್ಲೆಯಲ್ಲೇ ಎತ್ತರದ ಬೆಟ್ಟ. ಜೀಪ್ ಎಲ್ಲಿವರೆಗೆ ಹೋಗುತ್ತದೆ, ಕೊನೆಯ ಏರು ಎಷ್ಟು ಕಷ್ಟ, ಜಿಗಣೆಗೆ ಏನು ಹಚ್ಚಬೇಕು, ಬರುವಾಗ ನಾಲ್ಕುನಾಡು ಅರಮನೆ ನೋಡಲು ಎಷ್ಟು ಹೊತ್ತು ಬೇಕು, ಎಲ್ಲ ನಾನೇ ಮಳೆಗಾಲದಲ್ಲಿ ಕೂತು ಬರೆದದ್ದು. ಅದನ್ನು ಓದಿದವರು ಕೊನೆಯಲ್ಲಿ "ರೂಮ್ ಇದೆಯಾ?" ಅಂತ ಕೇಳುತ್ತಿದ್ದರು. ಅಷ್ಟೇ ನಮ್ಮ ಮಾರ್ಕೆಟಿಂಗ್.

ಸೈಟಿನ ಹಳೇ ಹೆಸರಿನಲ್ಲಿ, ಅಂದರೆ ಡೊಮೇನ್ ಅನ್ನುವ ವಿಳಾಸದಲ್ಲಿ, 'ಕೂರ್ಗ್' ಇತ್ತು. 'ಕೊಡಗು' ಅಂತಲೇ ಇರಲಿ ಅನ್ನುವ ಆಸೆ ನನ್ನದೇ. ಅದನ್ನು ಹಿಡಿದುಕೊಂಡೇ ಸೈಟ್ ಡಿಸೈನ್ ಮಾಡುವವರು ಒಳಗೆ ಬಂದರು. 65,000 ರೂಪಾಯಿ ಮಾತಾಯಿತು. ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದ್ದೆ: "ಗೂಗಲ್‌ನಲ್ಲಿ ಈಗ ಇರುವ ಜಾಗ ಹೋಗಲ್ಲ ಅಲ್ವಾ?"

"ಅದೆಲ್ಲ ಆಟೋಮ್ಯಾಟಿಕ್ ಆಗಿ ಮೂವ್ ಆಗುತ್ತೆ ಸರ್."

ಆಟೋಮ್ಯಾಟಿಕ್ ಅಂತೆ! ಆ ಮಾತಿಗೆ ತಲೆಯಾಡಿಸಿ ಕಾಫಿ ಕೊಟ್ಟು ಕಳಿಸಿದ್ದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಜೂನ್‌ನಲ್ಲಿ ಹೊಸ ಸೈಟ್ ಬಂತು. ಡ್ರೋನ್ ವಿಡಿಯೊ, ಮಂಜು, ಎಲ್ಲ ಚೆನ್ನಾಗಿತ್ತು. ಫೋನ್ ಕಡಿಮೆಯಾಯಿತು, ಮಳೆ ಅಲ್ವಾ ಅಂದುಕೊಂಡೆ. ಸೆಪ್ಟೆಂಬರ್‌ನಲ್ಲೂ ಇಲ್ಲ. ದಸರಾದ ದಶಮಂಟಪ ಮೆರವಣಿಗೆ ನೋಡಲು ಮಡಿಕೇರಿಗೆ ಬರುವವರಿಂದ ಪ್ರತಿ ವರ್ಷ ಮೂರು ವಾರ ಮೊದಲೇ ನಮ್ಮ ನಾಲ್ಕೂ ಕೋಣೆ ಭರ್ತಿ. ಈ ಸಲ ಆ ವಾರ ಬಂದದ್ದು ಒಂದೇ ಕಾಲ್. ಅದೂ ಗ್ಯಾಸ್ ಬುಕ್ ಮಾಡಲು ಹೋಗಿ ತಪ್ಪು ನಂಬರ್ ಒತ್ತಿದವರದು.

ಡಿಸೈನ್‌ನವರಿಗೆ ಮೆಸೇಜ್ ಮಾಡಿದರೆ ಒಂದೊಂದು ಸಲ ಒಂದೊಂದು ಉತ್ತರ. "ಗೂಗಲ್ ಅಪ್‌ಡೇಟ್ ನಡೀತಿದೆ ಸರ್." "ಹೊಸ ಡೊಮೇನ್ ಅಲ್ವಾ, ಮೂರು ತಿಂಗಳು ಬಿಡಿ." ಮೂರು ತಿಂಗಳು ಆಗಿ ಹೋಗಿದೆಯಲ್ಲ ಮಾರಾಯ ಅಂದರೆ, "ಕಾಂಪಿಟಿಷನ್ ಜಾಸ್ತಿ ಆಗಿದೆ ಸರ್."

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಲು ತಂಗಿಯ ಮಗ ಬಂದಿದ್ದ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲೇ ನಿಂತು ಲ್ಯಾಪ್‌ಟಾಪ್ ತೋಳಿನ ಮೇಲಿಟ್ಟುಕೊಂಡು ಸೈಟಿನ ಕೋಡ್ ತೆರೆದ. ಎರಡು ನಿಮಿಷ ಆಗಿರಲಿಲ್ಲ, "ಮಾಮ, ಇಲ್ಲಿ ನೋಡಿ" ಅಂದ. ಒಂದು ಸಾಲು. ಅದರಲ್ಲಿ 'ನೋಇಂಡೆಕ್ಸ್'. ಸೈಟ್ ಕಟ್ಟುವಾಗ ಅರೆಬರೆ ಪುಟ ಗೂಗಲ್‌ಗೆ ಸೇರದಿರಲಿ ಅಂತ ಹಾಕುವುದಂತೆ, ಶುರು ಮಾಡುವ ದಿನ ತೆಗೆಯಬೇಕಂತೆ. ತೆಗೆದಿರಲಿಲ್ಲ. ಎಲ್ಲ ಪುಟದಲ್ಲೂ ಇತ್ತು. ಗೇಟಿಗೆ ಬೀಗ ಹಾಕಿ, ಒಳಗೆ ಅಡುಗೆ ಮಾಡಿಟ್ಟು ನಾಲ್ಕು ತಿಂಗಳು ನೆಂಟರಿಗೆ ಕಾದ ಹಾಗಾಯಿತು ನನ್ನ ಕಥೆ.

ಅದೊಂದೇ ಅಲ್ಲ. ಹಳೇ ಸೈಟಿನ 38 ಪುಟಗಳಲ್ಲಿ ಯಾವುದನ್ನು ಒತ್ತಿದರೂ ಹೊಸ ಸೈಟಿನ ಮುಖಪುಟಕ್ಕೇ ಹೋಗುತ್ತಿತ್ತು. ಅದೂ ಶಾಶ್ವತವಾಗಿ ಕಳಿಸುವ 301 ಅಲ್ಲ, ತಾತ್ಕಾಲಿಕದ 302. ಬೆಟ್ಟದ ದಾರಿ ಹುಡುಕಿ ಬಂದವನಿಗೆ ಮುಖಪುಟ ತೋರಿಸಿದರೆ ಆ ಪುಟ ಇಲ್ಲವಾಗಿದೆ ಅಂತಲೇ ಗೂಗಲ್ ಲೆಕ್ಕ ಹಾಕುತ್ತದೆ. ಇಲ್ಲವಾಗಿದ್ದೂ ಹೌದು. ನನ್ನ ತಡಿಯಂಡಮೋಳ್ ಪುಟವನ್ನೇ ತೆಗೆದು ಹಾಕಿದ್ದರು! ಕೇಳಿದ್ದಕ್ಕೆ, "ಅಷ್ಟು ಉದ್ದ ಈಗ ಯಾರು ಓದ್ತಾರೆ ಸರ್?"

ಓದುತ್ತಿದ್ದರು. ಹದಿಮೂರು ವರ್ಷ ಓದಿ ನಮ್ಮ ಮನೆಗೆ ಬರುತ್ತಿದ್ದರು. ಫಸಲು ಬಿಡುವ ಗಿಡವನ್ನು ಸಾಲು ಸರಿ ಇಲ್ಲ ಅಂತ ಕೀಳುತ್ತಾರಾ?

ಕೊನೆಗೆ ಬಂದ ಉತ್ತರ ಕೇಳಿ. "ನಮ್ಮದು ಡಿಸೈನ್ ಮಾತ್ರ ಸರ್. ಎಸ್‌ಇಒ ಬೇರೆ ಪ್ಯಾಕೇಜ್. ರಿಕವರಿಗೆ 25,000 ಆಗುತ್ತೆ." ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಮೇಲೆ ಕಾಣುವಂತೆ ಮಾಡುವ ಕೆಲಸವಂತೆ. ಕಳೆದವರೇ ಹುಡುಕಿಕೊಡಲು ದುಡ್ಡು ಕೇಳುತ್ತಾರೆ!

ಕೊಡಲಿಲ್ಲ. ಹುಡುಗನೇ, ಹಳೇ ಸೈಟುಗಳ ನಕಲು ಇಟ್ಟಿರುವ ವೇಬ್ಯಾಕ್ ಮಷಿನ್‌ನಲ್ಲಿ ನನ್ನ ಹಳೇ ಬರಹ ಹುಡುಕಿ ತೆಗೆದ. ಹಳೇ ವಿಳಾಸ ಒಂದು ಕಾಲಂ, ಹೊಸದು ಪಕ್ಕದಲ್ಲಿ, ಹೀಗೆ 38 ಸಾಲು ಬರೆದು ಒಂದಕ್ಕೊಂದು 301 ಹಾಕಿದ. ನೋಇಂಡೆಕ್ಸ್ ತೆಗೆದ. ಆಮೇಲೆ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ಅಂತ ಒಂದು ಸಾಧನ ಇದೆ, ಅದರಲ್ಲಿ ತಿಳಿಸಿದ. ಹಳೇದು, ಹೊಸದು ಎರಡೂ ನಮ್ಮ ಒಂದೇ ಖಾತೆಯಲ್ಲಿ ಇದ್ದರೆ ಮಾತ್ರ ಅದು ಆಗುವುದು. ಇಗ್ಗುತಪ್ಪನ ದಯೆ, ಹಳೇ ಡೊಮೇನ್ ನನ್ನ ಹೆಸರಲ್ಲೇ ಇತ್ತು. "ಇನ್ನು ಅದನ್ನು ರಿನ್ಯೂ ಮಾಡೋದು ವೇಸ್ಟ್ ಸರ್" ಅಂದಿದ್ದರು ಪುಣ್ಯಾತ್ಮರು. 301ಗಳನ್ನು ಕಡಿಮೆ ಅಂದರೂ ಒಂದು ವರ್ಷ ಇಡಿ ಅಂತ ಗೂಗಲೇ ಹೇಳುತ್ತದೆ. ನಾನಂತೂ ಬದುಕಿರುವವರೆಗೆ ರಿನ್ಯೂ ಮಾಡುತ್ತೇನೆ. ಎಷ್ಟು ಜನ ತಮ್ಮ ಪ್ರವಾಸದ ಬರಹಗಳಲ್ಲಿ ಆ ವಿಳಾಸ ಹಾಕಿದ್ದಾರೆ!

ಹೆಸರು, ಡಿಸೈನ್ ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದು ಕೆಟ್ಟಿತು ಅಂತಲೇ ಗೊತ್ತಾಗುವುದಿಲ್ಲ. ಹಳೇ ವಿಳಾಸ, ಹೊಸ ವಿಳಾಸಗಳ ಪಟ್ಟಿ ಕೈಗೆ ಬರದೆ ಕೊನೆ ಕಂತು ಕೊಡಬೇಡಿ. 'ಆಟೋಮ್ಯಾಟಿಕ್' ಅಂದವರಿಗೆ ಕಾಫಿಯೂ ಬೇಡ.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು. ತಡಿಯಂಡಮೋಳ್ ಪುಟ ಈಗ ಗೂಗಲ್‌ನ ಎರಡನೇ ಪುಟದ ಕೆಳಗೆಲ್ಲೋ ಕಾಣುತ್ತಿದೆ. ಕಳೆದ ವಾರ ಎರಡು ಬುಕಿಂಗ್ ಬಂತು.

ನಿನ್ನೆ ಅವರಿಂದಲೂ ಮೆಸೇಜ್ ಬಂದಿದೆ. "ಸರ್, ನಿಮ್ಮ ಸೈಟನ್ನು ನಮ್ಮ ಬೆಸ್ಟ್ ವರ್ಕ್ ಅಂತ ಹಾಕಿದ್ದೇವೆ. ಒಂದು ಫೈವ್ ಸ್ಟಾರ್ ಕೊಡಿ."